ಬೇರಿನಿಂದ ಬೆಳೆಸಿದ ಮೇಪಲ್

ನನ್ನ ಮೇಪಲ್ ಬೋನ್ಸಾಯ್ ಫೋಟೋ ಊರಿಗೆ ಕಳಿಸಿದಾಗಲೆಲ್ಲ ಬರುವ ಮೊದಲ ಪ್ರಶ್ನೆ ಒಂದೇ: ಎಲೆ ಕೆಂಪಾಗೋದು ಯಾವಾಗ? ಕೇಳುವುದು ಸಹಜ. ಜಪಾನಿನ ಮೇಪಲ್ ಅಂದರೆ ಕಣ್ಣಿಗೆ ಬರುವುದೇ ಆ ಬಣ್ಣ. ಆದರೆ ಈ ಗಿಡಕ್ಕೆ ನಾನು ಪಟ್ಟ ಶ್ರಮದಲ್ಲಿ ಮುಕ್ಕಾಲು ಪಾಲು ಹೋಗಿದ್ದು ಬೇರಿಗೆ. ಬೇರು ಒಂದು ಹದಕ್ಕೆ ಬಂದ ಮೇಲೆ ಕೊಂಬೆ, ಎಲೆ, ಬಣ್ಣ ಎಲ್ಲವೂ ಸಲೀಸಾದವು. ಹಾಗಾಗಿ ಬೇರಿನಿಂದಲೇ ಶುರು ಮಾಡುತ್ತೇನೆ.

ನಾವಿರುವುದು ಟೋಕಿಯೊ ನಗರದ ಉತ್ತರಕ್ಕಿರುವ ಸೈತಾಮದಲ್ಲಿ. ಮನೆಯಿಂದ ಸೈಕಲ್ ತುಳಿದುಕೊಂಡು ಹೋಗುವಷ್ಟು ದೂರದಲ್ಲೇ ಓಮಿಯಾದ ಬೋನ್ಸಾಯ್ ಹಳ್ಳಿ ಇದೆ. 1923ರ ದೊಡ್ಡ ಭೂಕಂಪದಲ್ಲಿ ಟೋಕಿಯೊ ಹಾಳಾದ ಮೇಲೆ, ಅಲ್ಲಿನ ಬೋನ್ಸಾಯ್ ಕಸುಬಿನವರು ಒಳ್ಳೆಯ ಮಣ್ಣು, ನೀರು, ವಿಶಾಲವಾದ ಜಾಗ ಹುಡುಕಿಕೊಂಡು ಹೊರಟರು. 1925ರಲ್ಲಿ ಇಲ್ಲಿಗೆ ಬಂದು ನೆಲೆ ನಿಂತರು. ಇಲ್ಲಿ ವಾಸ ಮಾಡುವವರು ಹತ್ತಾದರೂ ಬೋನ್ಸಾಯ್ ಇಟ್ಟಿರಬೇಕು, ಗೇಟು ಎಲ್ಲರಿಗೂ ತೆರೆದಿರಬೇಕು, ಮಹಡಿ ಮನೆ ಕಟ್ಟಬಾರದು, ಗೋಡೆಯ ಬದಲು ಗಿಡದ ಬೇಲಿಯೇ ಇರಬೇಕು ಅಂತ ತಮಗೆ ತಾವೇ ಕಟ್ಟಳೆ ಹಾಕಿಕೊಂಡಿದ್ದರು. ಆ ಬೀದಿಗಳಿಗೆ ಇಂದಿಗೂ ಮರಗಳದ್ದೇ ಹೆಸರು. ಸಾಕುವ ತೋಟಗಳು ಈಗ ಬೆರಳೆಣಿಕೆಯಷ್ಟೇ ಉಳಿದಿವೆ. ಆದರೂ ಒಂದೊಂದು ತೋಟದಲ್ಲೂ ಗಂಟೆಗಟ್ಟಲೆ ನಿಂತು ನೋಡುವಷ್ಟು ಇದೆ. ಪಕ್ಕದಲ್ಲೇ 2010ರಲ್ಲಿ ತೆರೆದ ಬೋನ್ಸಾಯ್ ಮ್ಯೂಸಿಯಂ ಇದೆ.

ಪ್ರತಿ ವರ್ಷ ಮೇ ತಿಂಗಳ 3ರಿಂದ 5ರವರೆಗೆ ಅಲ್ಲಿ ಬೋನ್ಸಾಯ್ ಜಾತ್ರೆ ನಡೆಯುತ್ತದೆ. ಬೀದಿಯುದ್ದಕ್ಕೂ ಗಿಡ, ಕುಂಡ, ಕತ್ತರಿ, ಮಣ್ಣಿನ ಅಂಗಡಿಗಳು. ನನ್ನ ಗಿಡ ಸಿಕ್ಕಿದ್ದು ಅಲ್ಲೇ. ಜಪಾನಿನ ಮೇಪಲ್‌ಗಳ (ಏಸರ್ ಪಾಲ್ಮೇಟಮ್) ಗುಂಪಿಗೆ ಸೇರಿದ, ಯಾಮಾಮೊಮಿಜಿ ಅನ್ನುವ ಬಗೆ. ಬೀಜದಿಂದ ಎದ್ದು, ಕೆಲವು ವರ್ಷ ಹೊಲದ ಮಣ್ಣಿನಲ್ಲಿ ದಪ್ಪವಾಗಿ, ಆಮೇಲೆ ಪ್ಲಾಸ್ಟಿಕ್ ಕುಂಡಕ್ಕೆ ಬಂದ ಗಿಡ. ಕಾಂಡ ಹೆಬ್ಬೆರಳಿಗಿಂತ ತುಸು ದಪ್ಪ. ಬುಡದಿಂದ ಸ್ವಲ್ಪ ಎಡಕ್ಕೆ ವಾಲಿ, ಮತ್ತೆ ಬಲಕ್ಕೆ ತಿರುಗಿತ್ತು. ಗೆಣ್ಣುಗಳು ಹತ್ತಿರ ಹತ್ತಿರ ಇದ್ದವು. ಕಾಂಡ ತಿರುಗುವ ಕಡೆಯಲ್ಲೆಲ್ಲ ಹೊರಮಗ್ಗುಲಿಗೆ ಒಂದು ಕೊಂಬೆ.

ಬುಡ ಮಾತ್ರ ಚೆನ್ನಾಗಿರಲಿಲ್ಲ. ಮಾರುತ್ತಿದ್ದ ಹಿರಿಯರೇ ದುಡ್ಡು ತೆಗೆದುಕೊಳ್ಳುವ ಮೊದಲು ಮೇಲ್ಮಣ್ಣು ಸರಿಸಿ ತೋರಿಸಿದರು. ಬೇರುಗಳೆಲ್ಲ ಒಂದೇ ಬದಿಗೆ. ಇನ್ನೊಂದು ಬದಿ ಬೋಳು. ದಪ್ಪ ಬೇರೊಂದು ಕಾಂಡವನ್ನೇ ಅರ್ಧ ಸುತ್ತು ಹಾಕಿತ್ತು. "ಮೇಲ್ಗಡೆ ಒಳ್ಳೇದಿದೆ, ಕೆಳಗಡೆ ನೀವೇ ಮಾಡಿಕೊಳ್ಳಬೇಕು ನೋಡಿ" ಅಂದರು. ಅದಕ್ಕೇ ಬೆಲೆಯೂ ಕಡಿಮೆ ಇತ್ತು. ನನಗೆ ಆ ಕೆಲಸವೇ ಬೇಕಾಗಿತ್ತು.

ಕಾಂಡದ ಬುಡದಿಂದ ನಾಲ್ಕೂ ದಿಕ್ಕಿಗೆ ಬೇರು ಹರಡಿ, ಮಣ್ಣನ್ನು ಹಿಡಿದುಕೊಂಡಂತೆ ಕಾಣುವ ಭಾಗಕ್ಕೆ ಇಲ್ಲಿ ನೆಬಾರಿ ಅನ್ನುತ್ತಾರೆ. ಪೈನ್ ಮರದಲ್ಲಿ ಒರಟು ತೊಗಟೆ ವಯಸ್ಸು ಹೇಳುತ್ತದೆ. ಮೇಪಲ್ ತೊಗಟೆ ನುಣುಪು, ಅದರಿಂದ ವಯಸ್ಸು ಅಷ್ಟಾಗಿ ಗೊತ್ತಾಗಲ್ಲ. ಮೇಪಲ್‌ಗೆ ಹಳೆಯ ಮರದ ಗಾಂಭೀರ್ಯ ಬರುವುದು ನೆಬಾರಿಯಿಂದ. ತುಂಬ ವರ್ಷ ಕಳೆದ ಮರಗಳಲ್ಲಿ ಬೇರುಗಳು ಒಂದಕ್ಕೊಂದು ಕೂಡಿಕೊಂಡು ಬುಡ ಅಗಲವಾಗಿ ಚಪ್ಪಟೆಯಾಗಿರುತ್ತದೆ. ಮ್ಯೂಸಿಯಂನಲ್ಲಿ ಅಂಥ ಒಂದು ಮರದ ಮುಂದೆ ಕೂತು ನೋಡಿದ ಮೇಲೆ, ಬಣ್ಣದ ಎಲೆಗೆ ಮರುಳಾಗುವ ಕಾಲ ನನಗೆ ಮುಗಿಯಿತು ಅಂತಲೇ ಹೇಳಬೇಕು.

ಒಂದು ಬದಿಯ ಬೇರನ್ನು ಸರಿಪಡಿಸುವುದಕ್ಕಿಂತ ಹೊಸ ಬೇರು ಬರಿಸುವುದು ಮೇಲು. ಅದಕ್ಕೆ ಗೂಟಿ ಕಟ್ಟಬೇಕು. ನಮ್ಮ ಕಡೆ ದಾಳಿಂಬೆಗೆ, ಸೀಬೆಗೆ ಕಟ್ಟುತ್ತಾರಲ್ಲ, ಅದೇ ಗೂಟಿ. ನಮ್ಮ ಮಾವ ತೋಟದಲ್ಲಿ ಸೀಬೆ ಕೊಂಬೆಗೆ ಪ್ಲಾಸ್ಟಿಕ್ ಸುತ್ತುತ್ತಿದ್ದುದನ್ನು ಚಿಕ್ಕಂದಿನಲ್ಲೇ ನೋಡಿದ್ದೆ. ಇಲ್ಲಿ ಕಟ್ಟಬೇಕಾಗಿದ್ದು ಮರದ ಕಾಂಡಕ್ಕೇ, ಅಷ್ಟೇ ವ್ಯತ್ಯಾಸ.

ಮೇಪಲ್‌ಗೆ ಇದನ್ನು ಮಾಡಲು ಮೇ ಕೊನೆ, ಜೂನ್ ಶುರು ಒಳ್ಳೆಯ ಕಾಲ. ವಸಂತದ ಮೊದಲ ಚಿಗುರು ಬಲಿತು ಗಟ್ಟಿಯಾಗಿರಬೇಕು. ಕೈಯಲ್ಲಿ ಮುಟ್ಟಿದರೆ ಎಲೆ ತೆಳು ಕಾಗದದಂತಿರದೆ ಸ್ವಲ್ಪ ಬಿಗಿಯಾಗಿರುತ್ತದೆ. ಆ ಹೊತ್ತಿಗೆ ಎಲೆಗಳು ಆಹಾರ ತಯಾರಿಸಿ ಕೆಳಗೆ ಕಳಿಸಲು ಶುರು ಮಾಡಿರುತ್ತವೆ. ಆಹಾರ ಇಳಿಯುವುದು ತೊಗಟೆಯ ಒಳಪದರದಲ್ಲಿ. ನೀರು ಏರುವುದು ಅದರೊಳಗಿನ ಮರದ ಭಾಗದಲ್ಲಿ. ತೊಗಟೆಯನ್ನು ಮಾತ್ರ ಒಂದು ಸುತ್ತು ತೆಗೆದರೆ ನೀರು ಮೇಲಕ್ಕೆ ಹೋಗುತ್ತಲೇ ಇರುತ್ತದೆ, ಗಿಡ ಬಾಡುವುದಿಲ್ಲ. ಇಳಿದು ಬಂದ ಆಹಾರ ಕತ್ತರಿಸಿದ ಅಂಚಿನಲ್ಲಿ ನಿಲ್ಲುತ್ತದೆ. ಅಲ್ಲೇ ಬೇರು ಒಡೆಯುತ್ತದೆ.

ಮೊದಲ ಕೊಂಬೆಯ ಕೆಳಗೆ, ಕಾಂಡ ಚೂರು ಅಗಲವಾಗುವ ಕಡೆ ಜಾಗ ಗುರುತು ಮಾಡಿಕೊಂಡೆ. ಹರಿತವಾದ ಚಾಕುವಿನಲ್ಲಿ ಸುತ್ತಲೂ ಒಂದು ಗೆರೆ, ಅದಕ್ಕಿಂತ ಕಾಂಡದ ದಪ್ಪದ ಒಂದೂವರೆ ಪಟ್ಟು ಕೆಳಗೆ ಇನ್ನೊಂದು ಗೆರೆ. ಎರಡನ್ನೂ ಸೇರಿಸಿ ಉದ್ದಕ್ಕೆ ಒಮ್ಮೆ ಸೀಳಿದರೆ ತೊಗಟೆ ಉಂಗುರದ ಹಾಗೆ ಕಳಚಿ ಬರುತ್ತದೆ. ಅಲ್ಲಿಗೆ ಮುಗಿಯಲಿಲ್ಲ. ಕೆಳಗೆ ಹಸಿರು ಛಾಯೆಯ ಲೋಳೆ ಪದರ ಒಂದಿರುತ್ತದೆ. ಅದನ್ನು ಚಾಕುವಿನ ಬೆನ್ನಿನಿಂದ ಕೆರೆದು ಕೆರೆದು ತೆಗೆಯಬೇಕು. ಉಗುರಿನಿಂದ ಸವರಿದರೆ ಜಾರಬಾರದು, ಒಣ ಮರದಂತೆ ತಡೆಯಬೇಕು. ಒಂದೆಳೆ ಉಳಿದರೂ ಗಿಡ ಅದರಿಂದಲೇ ಸೇತುವೆ ಕಟ್ಟಿಕೊಂಡು ಗಾಯ ಮುಚ್ಚಿಬಿಡುತ್ತದೆ, ಬೇರು ಬಿಡುವ ಗೋಜಿಗೇ ಹೋಗಲ್ಲ. ಮೇಲಿನ ಅಂಚು ಮಾತ್ರ ನೀಟಾಗಿರಬೇಕು, ಯಾಕೆಂದರೆ ಮುಂದಿನ ನೆಬಾರಿ ಹುಟ್ಟುವುದು ಆ ಗೆರೆಯಿಂದಲೇ. ಅಂಚಿಗೆ ಬೇರು ಬರಿಸುವ ಪುಡಿ ಸವರಿದೆ.

ಒಣಗಿದ ಸ್ಫ್ಯಾಗ್ನಮ್ ಪಾಚಿಯನ್ನು ರಾತ್ರಿಯೇ ನೆನೆಹಾಕಿದ್ದೆ. ನೆನೆದ ಅವಲಕ್ಕಿಯನ್ನು ಹಿಂಡುವ ಹಾಗೆ ಹಿಂಡಿ, ಗಾಯದ ಸುತ್ತ ಮುಷ್ಟಿಗಾತ್ರ ಕಟ್ಟಿ, ಪಾರದರ್ಶಕ ಪ್ಲಾಸ್ಟಿಕ್ ಸುತ್ತಿ, ಮೇಲೆ ಕೆಳಗೆ ದಾರ ಬಿಗಿದೆ. ಅದರ ಮೇಲೆ ಕಪ್ಪು ಪ್ಲಾಸ್ಟಿಕ್. ಬೇರಿಗೆ ಕತ್ತಲೆ ಬೇಕು. ನಮಗೆ ಆಗಾಗ ತೆರೆದು ನೋಡಬೇಕು. ಎರಡಕ್ಕೂ ಇದು ಅನುಕೂಲ. ಪಾಚಿ ಒಣಗಿದ ಹಾಗೆ ಕಂಡರೆ ಸಿರಿಂಜಿನಲ್ಲಿ ನೀರು ಬಿಡುತ್ತಿದ್ದೆ.

ಜೂನ್ ಪೂರ್ತಿ ಏನೂ ಕಾಣಲಿಲ್ಲ. ಇಲ್ಲಿ ಆಗ ಮಳೆಗಾಲ. ಮಳೆ ನಿಂತು ಬಿಸಿಲು ಏರಿದ ಜುಲೈನಲ್ಲಿ ಒಂದು ಬೆಳಿಗ್ಗೆ ಕಪ್ಪು ಹೊದಿಕೆ ಸರಿಸಿದಾಗ ಪ್ಲಾಸ್ಟಿಕ್‌ಗೆ ಒತ್ತಿಕೊಂಡು ಬಿಳಿ ದಾರದಂಥ ಬೇರು ಕಂಡಿತು. ತುದಿ ಮಾತ್ರ ಗಾಜಿನಷ್ಟು ತಿಳಿ. ನಂತರ ಒಂದೊಂದೇ ಬದಿಯಲ್ಲಿ ಬರುತ್ತಾ ಹೋದವು. ಬಿಳಿ ಬೇರು ಕಂಡ ಕೂಡಲೇ ಕತ್ತರಿಸುವ ಆಸೆ ಆಗುತ್ತದೆ. ಕಾಯಬೇಕು. ಬೇರು ಕಂದು ಬಣ್ಣಕ್ಕೆ ತಿರುಗಿ, ಕವಲೊಡೆದು, ಪಾಚಿಯ ಉಂಡೆಯನ್ನು ಹಿಡಿದುಕೊಳ್ಳುವವರೆಗೆ ಅದು ಇಡೀ ಮರಕ್ಕೆ ನೀರು ಕೊಡಲಾರದು. ನಾನು ಸೆಪ್ಟೆಂಬರ್‌ನಲ್ಲಿ ಬೇರ್ಪಡಿಸಿದೆ. ಉಂಡೆಯ ಕೆಳಗೆ ಗರಗಸ ಇಟ್ಟು ಕೊಯ್ದು, ಉಂಡೆಯ ತಳದಲ್ಲಿ ಚಾಚಿಕೊಂಡಿದ್ದ ತುಂಡನ್ನು ಬೇರಿಗೆ ತಾಕದಂತೆ ಸಮತಟ್ಟು ಮಾಡಿದೆ. ಪಾಚಿ ಬಿಡಿಸಲು ಹೋಗಲಿಲ್ಲ. ಹೊಸ ಬೇರು ಅಷ್ಟು ಪೆಳಸು, ಮುಟ್ಟಿದರೆ ಮುರಿಯುತ್ತದೆ.

ಒಂದು ಸಣ್ಣ ಹಲಗೆಯ ಮಧ್ಯದಿಂದ ಸ್ಕ್ರೂ ಹಾಕಿ ಕಾಂಡದ ತಳಕ್ಕೆ ಬಿಗಿದು, ಹಲಗೆ ಸಮೇತ ಅಗಲವಾದ ಮರದ ಪೆಟ್ಟಿಗೆಯಲ್ಲಿ ನೆಟ್ಟೆ. ಕೆಳಗೆ ಹಲಗೆ ಇದ್ದರೆ ಬೇರು ಆಳಕ್ಕೆ ಹೋಗದೆ ಸುತ್ತಲೂ ಹರಡುತ್ತದೆ. ಗಿಡ ಅಲುಗಾಡುವುದೂ ಇಲ್ಲ. ಸೆಪ್ಟೆಂಬರ್ ಇಲ್ಲಿ ಚಂಡಮಾರುತದ ತಿಂಗಳು, ಬುಡ ಅಲುಗಿದರೆ ಹೊಸ ಬೇರು ಉಳಿಯಲ್ಲ. ಗಾಳಿ ಎದ್ದ ದಿನಗಳಲ್ಲಿ ಪೆಟ್ಟಿಗೆಯನ್ನು ಬಾಲ್ಕನಿಯ ಮೂಲೆಗೆ ಎಳೆದು ಕಟ್ಟಿ ಹಾಕುತ್ತಿದ್ದೆ. ಮುಂದಿನ ವಸಂತದಲ್ಲಿ ಅದನ್ನು ಮುಟ್ಟಲಿಲ್ಲ. ಸುಮ್ನೆ ಬೆಳೆಯಲು ಬಿಟ್ಟೆ. ಕೊಂಬೆಗಳು ಉದ್ದುದ್ದ ಚಾಚಿದವು, ಚಾಚಲಿ ಅಂತ ಬಿಟ್ಟೆ. ಮೇಲೆ ಎಲೆ ಜಾಸ್ತಿ ಇದ್ದಷ್ಟೂ ಕೆಳಗೆ ಬೇರು ಜಾಸ್ತಿ.

ಅದರ ಮುಂದಿನ ಮಾರ್ಚ್ ಶುರುವಿನಲ್ಲಿ ಮೊದಲ ಸಲ ಪೆಟ್ಟಿಗೆ ಬಿಚ್ಚಿದೆ. ಮೇಪಲ್‌ನ ಕುಂಡ ಬದಲಿಸುವ ಕಾಲ ಬಹಳ ಕಿರಿದು. ಮೊಗ್ಗು ಉಬ್ಬಿ ಕೆಂಪಾಗಿರಬೇಕು, ಆದರೆ ಎಲೆ ಬಿಚ್ಚಿರಬಾರದು. ಇಷ್ಟು ಹತ್ತಿರದಿಂದ ನೋಡಿದ್ದು ಆಗಲೇ: ಹಲಗೆಯ ಮೇಲೆ ಬೇರುಗಳು ಎಲ್ಲಾ ದಿಕ್ಕಿಗೂ ಮಲಗಿದ್ದವು. ಹಿಂಬದಿ ಒಂದು ಕಡೆ ಮಾತ್ರ ತೆಳು. ನೀರು ಚಿಮುಕಿಸುತ್ತಾ ಊಟದ ಕಡ್ಡಿಯಿಂದ ಒಂದೊಂದು ಎಳೆಯನ್ನೂ ಬಿಡಿಸಿದೆ. ಕೆಳಕ್ಕೆ ಮುಖ ಮಾಡಿದ್ದನ್ನೆಲ್ಲ ಕತ್ತರಿಸಿದೆ. ಒಂದರ ಮೇಲೊಂದು ಹಾದಿದ್ದರಲ್ಲಿ ಒಂದನ್ನು ತೆಗೆದೆ. ದಪ್ಪ ಬೇರನ್ನು ಗಿಡ್ಡ ಮಾಡಿ, ತೆಳುವಾದದ್ದನ್ನು ಉದ್ದ ಬಿಟ್ಟೆ. ಹಾಗೆ ಮಾಡಿದರೆ ತೆಳುವಾದದ್ದು ದಪ್ಪ ಆಗಲು ಅವಕಾಶ ಸಿಗುತ್ತದೆ, ದಪ್ಪ ಬೇರು ತುದಿಯಲ್ಲಿ ಕವಲೊಡೆಯುತ್ತದೆ. ಅರ್ಧ ದಿನ ಬೇಕಾಯಿತು. ಬೇರು ಒಣಗದಂತೆ ನೋಡಿಕೊಳ್ಳುವುದು ಬಿಟ್ಟರೆ ಅದರಲ್ಲಿ ಅವಸರದ್ದು ಏನೂ ಇಲ್ಲ.

ಮಣ್ಣು ಅಕಾದಾಮಾ. ಟೋಕಿಯೊ ಸುತ್ತಲಿನ ಈ ಕಾಂತೋ ಬಯಲಿನಲ್ಲೇ ಅಗೆಯುವ ಜ್ವಾಲಾಮುಖಿ ಬೂದಿಯ ಜೇಡಿಯ ಹರಳು ಅದು. ನೀರು ಹಿಡಿದುಕೊಳ್ಳುತ್ತದೆ, ಹೆಚ್ಚಿನದನ್ನು ಬಿಟ್ಟುಬಿಡುತ್ತದೆ. ಬೇರಿನ ತುದಿ ಹರಳಿನೊಳಗೂ ತೂರಿಕೊಂಡು ಹೋಗಿ ಕವಲೊಡೆಯುತ್ತದೆ. ಒಂದೇ ತೊಂದರೆ ಅಂದರೆ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಕರಗಿ, ಒಂದೆರಡು ವರ್ಷದಲ್ಲಿ ಪುಡಿಯಾಗಿ ನೀರು ಇಳಿಯುವುದು ನಿಧಾನವಾಗುತ್ತದೆ. ಎಳೆಯ ಮೇಪಲ್‌ಗೆ ಎರಡು ವರ್ಷಕ್ಕೊಮ್ಮೆ ಕುಂಡ ಬಿಚ್ಚುವುದು ಹೀಗಾಗಿ ಸರಿಹೋಗುತ್ತದೆ. ಜರಡಿ ಹಿಡಿದು ಪುಡಿ ತೆಗೆದು ಹಾಕಿ, ಕಡ್ಡಿಯಿಂದ ಚುಚ್ಚಿ ಚುಚ್ಚಿ ಬೇರಿನ ಸಂದಿಗೆ ಹರಳು ಇಳಿಸಿದೆ. ಕೆಳಗಿನ ತೂತಿನಿಂದ ಕೆಂಪು ನೀರು ನಿಂತು ತಿಳಿ ನೀರು ಬರುವವರೆಗೂ ಹನಿಸಿದೆ.

ಇನ್ನು ಮೇಲಿನ ಕೆಲಸ. ಏಪ್ರಿಲ್ ಬಂತೆಂದರೆ ಮೊಗ್ಗು ಬಿಚ್ಚುತ್ತದೆ. ಎದುರುಬದುರಾಗಿ ಎರಡು ಎಲೆ, ಇನ್ನೂ ಮಡಿಕೆ ಬಿಡಿಸಿರುವುದಿಲ್ಲ. ಅವೆರಡರ ನಡುವೆ ಸಾಸಿವೆಗಿಂತ ಸಣ್ಣ ಕುಡಿಯೊಂದು ಇರುತ್ತದೆ. ಚಿಮುಟದ ತುದಿಯಲ್ಲಿ ಎಲೆಗಳನ್ನು ಮೆಲ್ಲಗೆ ಅಗಲಿಸಿ ಆ ಕುಡಿಯನ್ನು ಚಿವುಟಬೇಕು. ಬಿಟ್ಟರೆ ವಾರದೊಳಗೆ ಗೇಣುದ್ದ ಓಡುತ್ತದೆ, ಗೆಣ್ಣುಗಳ ನಡುವೆ ಉದ್ದದ ಅಂತರ ಬಿದ್ದುಬಿಡುತ್ತದೆ. ಆ ಅಂತರವನ್ನು ಆಮೇಲೆ ಕಡಿಮೆ ಮಾಡಲು ಆಗಲ್ಲ. ಎಲ್ಲಾ ಮೊಗ್ಗು ಒಂದೇ ದಿನ ಬಿಚ್ಚುವುದೂ ಇಲ್ಲ. ತುದಿಯವು ಮೊದಲು, ಒಳಗಿನವು ತಡ. ಹಾಗಾಗಿ ಆ ದಿನಗಳಲ್ಲಿ ಬೆಳಿಗ್ಗೆ ಕಾಫಿ ಲೋಟದ ಜೊತೆ ಚಿಮುಟವೂ ಬಾಲ್ಕನಿಗೆ ಬರುತ್ತದೆ. ವರ್ಷದಲ್ಲಿ ನನಗೆ ತುಂಬ ಇಷ್ಟವಾದ ಕೆಲಸ ಇದು. ಒಂದು ಮಾತು ಮಾತ್ರ: ಕೊಂಬೆ ಇನ್ನೂ ದಪ್ಪವಾಗಬೇಕಾದರೆ ಕುಡಿ ಚಿವುಟಬಾರದು, ಓಡಲು ಬಿಡಬೇಕು. ಚಿವುಟುವುದು ಕೊಂಬೆಯ ಅಂದಾಜು ಸಿಕ್ಕ ಮೇಲೆ, ಸಣ್ಣ ಕವಲು ಬೇಕಾದಾಗ.

ಜೂನ್‌ನಲ್ಲಿ ಎಲೆ ಕತ್ತರಿಸುತ್ತಾರೆ. ಎಲೆಯನ್ನು ತೆಗೆದು ತೊಟ್ಟು ಉಳಿಸಬೇಕು. ಕೆಲವು ದಿನಕ್ಕೆ ತೊಟ್ಟು ತಾನೇ ಉದುರಿ ಅದರ ಬುಡದ ಮೊಗ್ಗು ಚಿಗುರುತ್ತದೆ. ಎರಡನೇ ಸಲದ ಎಲೆ ಚಿಕ್ಕದು, ಕವಲೂ ಹೆಚ್ಚು. ವಿಡಿಯೊ ಕಾಲ್‌ನಲ್ಲಿ ಇದನ್ನು ನೋಡುತ್ತಿದ್ದ ಅಮ್ಮನಿಗೆ ಸಂಕಟ. "ಅಲ್ವೇ, ಇರೋ ಎಲೆನೆಲ್ಲ ಕಿತ್ತರೆ ಗಿಡ ಬದುಕುತ್ತೇನೇ?" ಅಮ್ಮನ ಪ್ರಶ್ನೆ ಸರಿಯಾಗಿಯೇ ಇತ್ತು. ಪೂರ್ತಿ ಬೋಳು ಮಾಡುವುದು ಗಟ್ಟಿಮುಟ್ಟಾದ ಮರಕ್ಕೆ ಮಾತ್ರ, ಅದೂ ಪ್ರತಿ ವರ್ಷ ಅಲ್ಲ. ನಾನು ತುದಿಯ, ಹೊರಗಿನ ದೊಡ್ಡ ಎಲೆಗಳನ್ನಷ್ಟೇ ತೆಗೆಯುತ್ತೇನೆ. ಒಳಗಿನ ಬಡಕಲು ಕವಲುಗಳ ಎಲೆ ಮುಟ್ಟಲ್ಲ. ನನ್ನ ಮಟ್ಟಿಗೆ ಇದರ ದೊಡ್ಡ ಲಾಭ ಎಲೆ ಚಿಕ್ಕದಾಗುವುದಕ್ಕಿಂತ ಒಳಗೆ ಬೆಳಕು ಬೀಳುವುದು. ಬೆಳಕಿಲ್ಲದೆ ಒಳಗಿನ ಕವಲು ಸತ್ತರೆ, ಮರ ತುದಿಯಲ್ಲಷ್ಟೇ ಹಸಿರಾಗಿ ನಡುವೆ ಖಾಲಿ ಆಗುತ್ತದೆ.

ತಂತಿ ಬಹಳ ಕಡಿಮೆ ಬಳಸಿದೆ. ಮೇಪಲ್ ತೊಗಟೆಗೆ ತಂತಿಯ ಗುರುತು ಬೇಗ ಬೀಳುತ್ತದೆ, ವರ್ಷಗಟ್ಟಲೆ ಹೋಗಲ್ಲ. ಹೆಚ್ಚಿನ ಕೊಂಬೆಗಳನ್ನು ದಾರ ಕಟ್ಟಿ ಕೆಳಗೆಳೆದೆ, ಇಲ್ಲವೇ ಬೇಕಾದ ದಿಕ್ಕಿನ ಮೊಗ್ಗಿನ ಮೇಲೆ ಕತ್ತರಿಸಿ ತಿರುಗಿಸಿದೆ.

ನೀರು ಹಾಕುವುದನ್ನು ಕಲಿಯಲು ಮೂರು ವರ್ಷ ಬೇಕು ಅಂತ ಇಲ್ಲಿ ಮಾತಿದೆ. ಬೇಸಿಗೆಯಲ್ಲಿ ಅದು ಎಷ್ಟು ನಿಜ ಅಂತ ಗೊತ್ತಾಗುತ್ತದೆ. ಸೈತಾಮದ ಬೇಸಿಗೆ ಅಂದರೆ ಸಾಮಾನ್ಯ ಅಲ್ಲ. 2018ರ ಜುಲೈ 23ರಂದು ಇದೇ ಸೀಮೆಯ ಕುಮಗಾಯಾದಲ್ಲಿ 41.1 ಡಿಗ್ರಿ ಬಿಸಿಲು ದಾಖಲಾಗಿತ್ತು. ಕಾಡಿನಲ್ಲಿ ದೊಡ್ಡ ಮರಗಳ ಅಡಿ, ಹಳ್ಳದ ಬದಿ ತಂಪಿನಲ್ಲಿ ಬೆಳೆಯುವ ಗಿಡಕ್ಕೆ ಕಾಂಕ್ರೀಟ್ ಬಾಲ್ಕನಿ ಬಲು ಕಠಿಣ. ನೆಲದ ಮೇಲೆ ಕುಂಡ ಇಡಲೇಬಾರದು, ಮರದ ಸ್ಟೂಲು ಬೇಕು. ಎಸಿಯ ಹೊರಗಿನ ಪೆಟ್ಟಿಗೆ ಉಗುಳುವ ಬಿಸಿಗಾಳಿ ಎಲೆಗೆ ತಾಕಬಾರದು. ಮಧ್ಯಾಹ್ನದ ಬಿಸಿಲಿಗೆ ನೆರಳು ಬಲೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರು, ಸುಡುವ ದಿನಗಳಲ್ಲಿ ನಡುವೆ ಇನ್ನೊಮ್ಮೆ. ಮಳೆ ಬಂತು ಅಂತ ನಂಬುವ ಹಾಗಿಲ್ಲ, ಎಲೆಗಳೇ ಕೊಡೆ ಹಿಡಿದು ಕುಂಡ ಒಣಗಿರುತ್ತದೆ. ಬೆರಳಿಟ್ಟು ನೋಡಬೇಕು.

ಕೆಂಪು ಬಣ್ಣದ ಕಥೆ ತೀರ್ಮಾನವಾಗುವುದು ಈ ಜುಲೈ, ಆಗಸ್ಟ್‌ನಲ್ಲೇ. ಎಲೆಯ ಅಂಚು ಬಿಸಿಲಿಗೆ ಸುಟ್ಟರೆ ನವೆಂಬರ್‌ನಲ್ಲಿ ಕಂದಾಗಿ ಮುದುಡಿ ಉದುರುತ್ತದೆ. ಚೆನ್ನಾಗಿ ಉಳಿದ ಎಲೆಯಲ್ಲಿ, ರಾತ್ರಿ ಚಳಿ ಶುರುವಾದಾಗ ಹಸಿರು ಕರಗುತ್ತದೆ. ತೊಟ್ಟಿನ ದಾರಿ ಮುಚ್ಚುತ್ತಾ ಬಂದು ಸಕ್ಕರೆ ಎಲೆಯಲ್ಲೇ ನಿಲ್ಲುತ್ತದೆ. ಹಗಲು ಬಿಸಿಲಿದ್ದರೆ ಕೆಂಪು ಬಣ್ಣ ಆಗ ಹೊಸದಾಗಿ ತಯಾರಾಗುತ್ತದೆ. ಹಳದಿ ಮೊದಲಿನಿಂದಲೂ ಎಲೆಯೊಳಗೆ ಇರುತ್ತದೆ, ಹಸಿರು ಹೋದಾಗ ಕಾಣುತ್ತದೆ ಅಷ್ಟೇ. ನಮ್ಮಲ್ಲಿ ನವೆಂಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರದವರೆಗೆ ಆ ದಿನಗಳು.

ಗೊಬ್ಬರಕ್ಕೆ ಇಲ್ಲಿ ಸಾಸಿವೆ ಜಾತಿಯ ಎಣ್ಣೆಬೀಜದ ಹಿಂಡಿಯನ್ನು ಉಂಡೆ ಮಾಡಿ ಮಾರುತ್ತಾರೆ. ನಮ್ಮ ಹೊಂಗೆ ಹಿಂಡಿಯ ಕೆಲಸವೇ ಅದೂ ಮಾಡುತ್ತದೆ. ವಸಂತದ ಎಲೆ ಬಲಿಯುವ ಮೊದಲು ಕೊಡುವುದಿಲ್ಲ, ಕೊಟ್ಟರೆ ಕುಡಿ ಓಡುತ್ತದೆ. ಮೇ ತಿಂಗಳಲ್ಲಿ ಸ್ವಲ್ಪ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಚೆನ್ನಾಗಿ.

ಕೀಟದಲ್ಲಿ ಗಿಡಹೇನಿಗೆ ನಾನು ಹೆದರಲ್ಲ, ನೀರಿನಲ್ಲಿ ತೊಳೆದರೆ ಹೋಗುತ್ತದೆ. ಹೆದರುವುದು ಕಾಂಡಕೊರಕಕ್ಕೆ. ಕಪ್ಪು ಮೈ ಮೇಲೆ ಬಿಳಿ ಚುಕ್ಕೆ, ಉದ್ದ ಮೀಸೆಯ ದುಂಬಿ. ಬೇಸಿಗೆಯಲ್ಲಿ ಬಂದು ಕಾಂಡದ ಬುಡದಲ್ಲೇ ಮೊಟ್ಟೆ ಇಡುತ್ತದೆ. ಮರಿಹುಳು ಒಳಗೆ ಕೊರೆಯುತ್ತಾ ಹೋಗುತ್ತದೆ. ವರ್ಷಗಟ್ಟಲೆ ಕಟ್ಟಿದ ನೆಬಾರಿ ಅದರ ಬಾಯಿಗೆ ಹೋಗುತ್ತದೆ. ಬುಡದಲ್ಲಿ ಗರಗಸದ ಹೊಟ್ಟಿನಂಥ ಪುಡಿ ಬಿದ್ದಿದೆಯಾ ಅಂತ ನೀರು ಹಾಕುವಾಗೆಲ್ಲ ನೋಡಬೇಕು. ಅಲಂಕಾರದ ಪಾಚಿಯನ್ನು ಕಾಂಡಕ್ಕೆ ಒತ್ತಿ ಹಾಕದೇ ಇರುವುದು ಇದಕ್ಕೇ, ಪುಡಿ ಅದರೊಳಗೆ ಮುಚ್ಚಿಹೋಗುತ್ತದೆ. ಗೂಟಿ ತೆಗೆದ ಮೇಲೆ ಕೆಳಗೆ ಉಳಿದಿದ್ದ ಮೋಟಿನಲ್ಲಿ ಒಮ್ಮೆ ಆ ಪುಡಿ ಕಂಡಿತ್ತು. ತೂತಿಗೆ ತೆಳು ತಂತಿ ತೂರಿಸಿ, ಸಪೂರ ನಳಿಕೆಯ ಔಷಧಿ ಸಿಂಪಡಿಸಿ ಮುಚ್ಚಿದೆ. ಮೋಟು ಉಳಿಯಿತು.

ಎಲೆ ಉದುರಿದ ಮೇಲೆ, ಹೊಸ ವರ್ಷದೊಳಗೆ ಕೊಂಬೆ ಸವರಿ ಮುಗಿಸುತ್ತೇನೆ. ಆಮೇಲೆ ರಸ ಏರಲು ಶುರುವಾಗಿ, ಕತ್ತರಿಸಿದ ಕಡೆಯಿಂದ ನೀರು ಸುರಿಯುತ್ತಲೇ ಇರುತ್ತದೆ. ದೊಡ್ಡ ಗಾಯಕ್ಕೆ ಮುಲಾಮು ಹಚ್ಚುತ್ತೇನೆ. ಫೆಬ್ರವರಿಯಲ್ಲಿ ಟೋಕಿಯೊ ನಗರದ ಉಎನೊದಲ್ಲಿ ಕೊಕುಫು ಪ್ರದರ್ಶನ ಇರುತ್ತದೆ. 1934ರಲ್ಲಿ ಶುರುವಾದದ್ದು, ದೇಶದ ಶ್ರೇಷ್ಠ ಬೋನ್ಸಾಯ್‌ಗಳು ಅಲ್ಲಿ ಬರುತ್ತವೆ. ಮೇಪಲ್‌ಗಳು ಬರುವುದು ಬೋಳಾಗಿ, ಒಂದು ಎಲೆಯೂ ಇಲ್ಲದೆ. ಕವಲು, ಕಾಂಡ, ಬುಡ ಬಿಟ್ಟರೆ ನೋಡಲು ಬೇರೇನೂ ಇರುವುದಿಲ್ಲ. ಬಲ್ಲವರು ಮೊದಲು ಬಗ್ಗುವುದು ಬುಡದ ಕಡೆಗೆ.

ಬೆಂಗಳೂರಿನಿಂದ ತಮ್ಮ ಆಗಾಗ ಕೇಳುತ್ತಾನೆ, "ಅಕ್ಕಾ, ಒಂದು ಸಸಿ ತಂದುಕೊಡು." ಗಿಡ ಸಾಗಿಸುವ ಪರವಾನಗಿಯ ವಿಷಯ ಬಿಡಿ, ಈ ಮರಕ್ಕೆ ವಾರಗಟ್ಟಲೆ ನಿಜವಾದ ಚಳಿ ಬೇಕು, ಮಲಗಬೇಕು. ಬೆಂಗಳೂರಿನ ಚಳಿ ಅದಕ್ಕೆ ಸಾಲದು. ಕೆಲವು ಕಾಲ ಎಳೆದಾಡಿಕೊಂಡು ಸೊರಗುತ್ತದೆ. ಅವನಿಗೆ ನಾನು ಹೇಳಿದ್ದು, ಲಾಲ್‌ಬಾಗಿನ ಬೋನ್ಸಾಯ್ ತೋಟ ನೋಡಿಕೊಂಡು ಬಾ, ಒಂದು ಬಸರಿಯನ್ನೋ ಹುಣಸೆಯನ್ನೋ ಹಿಡಿ ಅಂತ. ಬೇರು ಬಿಡಿಸುವ, ಹರಡುವ, ಕತ್ತರಿಸುವ ಕೆಲಸ ಅಲ್ಲೂ ಇದೇ. ಬಸರಿ ಬೇರಂತೂ ಮೇಪಲ್‌ಗಿಂತ ಬೇಗ ಮಾತು ಕೇಳುತ್ತದೆ.

ಈಗ ನನ್ನ ಗಿಡ ಹಲಗೆಯಿಂದ ಬಿಡಿಸಿಕೊಂಡು ತುಸು ಆಳದ ಮಣ್ಣಿನ ಕುಂಡದಲ್ಲಿದೆ. ಹಿಂಬದಿಯ ತೆಳು ಬೇರು ಇನ್ನೂ ಹಿಂದೆಯೇ ಇದೆ. ಬರುವ ಮಾರ್ಚ್‌ನಲ್ಲಿ ಬಿಚ್ಚಿದಾಗ ಅಲ್ಲಿ ದಪ್ಪ ಸಾಲದಿದ್ದರೆ, ಕೆಳಗಿನ ಮೋಟಿನ ಚಿಗುರಿನಿಂದ ಬಂದ ಸಸಿಯೊಂದನ್ನು ಆ ಜಾಗಕ್ಕೆ ಕಸಿ ಕಟ್ಟುತ್ತೇನೆ. ಸಸಿಯ ಬೇರೇ ಅಲ್ಲಿಯ ಬೇರಾಗುತ್ತದೆ. ಅದೇ ಮರದ ಸಸಿಯಾದ್ದರಿಂದ ತೊಗಟೆಯ ಬಣ್ಣವೂ ಕೂಡಿಕೊಳ್ಳುತ್ತದೆ. ಮೋಟಿನ ಚಿಗುರುಗಳಿಗೆ ಈಗಾಗಲೇ ಸಣ್ಣ ಸಣ್ಣ ಗೂಟಿ ಕಟ್ಟಿಟ್ಟಿದ್ದೇನೆ.